ಕಣ್ಣು ಎಲ್ಲಿರಬೇಕು: ಅಂಪೈರ್‌ಗೆ ನಿಯಮ ಗೊತ್ತಿರುವುದು ಎಂದರೇನು

ನಾನು ಕ್ರಿಕೆಟ್ ಅಂಪೈರ್ ಎಂದು ತಿಳಿದ ಕೂಡಲೇ ಜನ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು ಎಲ್‌ಬಿಡಬ್ಲ್ಯು ಕುರಿತದ್ದು. ಇನ್ನೊಂದು, ಆ ನಿಯಮ ಪುಸ್ತಕವೆಲ್ಲ ನಮಗೆ ಬಾಯಿಪಾಠ ಇರುತ್ತದೆಯೇ ಎಂಬುದು. ಎರಡನೆಯ ಪ್ರಶ್ನೆಗೆ ಹೌದು ಎಂದರೂ ತಪ್ಪು, ಇಲ್ಲ ಎಂದರೂ ತಪ್ಪು. ರಾಜ್ಯ ಸಂಸ್ಥೆಯ ಲೀಗ್ ಪಂದ್ಯಗಳಲ್ಲಿ, ಶಾಲಾ ಮತ್ತು ಜೂನಿಯರ್ ಟೂರ್ನಿಗಳಲ್ಲಿ ಹಲವು ವರ್ಷಗಳಿಂದ ನಿಂತಿರುವ ನನಗೆ, ನಿಯಮದ ಸಂಖ್ಯೆ ಹೇಳಿದರೆ ಸಾಕು, ಉಪನಿಯಮ ಸಮೇತ ಒಪ್ಪಿಸಿಬಿಡುವ ಸಹೋದ್ಯೋಗಿಗಳ ಪರಿಚಯವಿದೆ. ಅವರಲ್ಲಿ ಕೆಲವರು ಮೈದಾನದಲ್ಲಿ ಚೆಂಡು ಓಡಾಡುತ್ತಿರುವಾಗ ತಡವರಿಸಿದ್ದನ್ನೂ ಕಂಡಿದ್ದೇನೆ. ಸಂಖ್ಯೆಗಳನ್ನು ಸದಾ ಮರೆಯುವ ಒಬ್ಬ ಹಿರಿಯರು ಮಾತ್ರ, ಎಂಥ ಗೊಂದಲದಲ್ಲೂ ಏನು ನಡೆಯಿತು, ಯಾವುದರ ನಂತರ ಯಾವುದು ನಡೆಯಿತು ಎಂಬುದನ್ನು ಬಿಡಿಬಿಡಿಯಾಗಿ ಹೇಳಿ, ಅದಕ್ಕೆ ತಕ್ಕ ತೀರ್ಪು ಕೊಟ್ಟು, ಮುಂದಿನ ಎಸೆತಕ್ಕೆ ಸಿದ್ಧರಾಗಿಬಿಡುತ್ತಿದ್ದರು. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಕೆಲಸದಲ್ಲಿ ಕಂಡಷ್ಟರ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ವಿಚಾರ. ಕ್ರಿಕೆಟ್ ನಿಯಮಗಳನ್ನು ಬರೆಯುವುದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ ಎಂದು ಬಹಳ ಜನ ತಿಳಿದಿದ್ದಾರೆ. ಆ ಹೊಣೆ ಲಂಡನ್ನಿನ ಮೆರಿಲೆಬೋನ್ ಕ್ರಿಕೆಟ್ ಕ್ಲಬ್, ಅಂದರೆ ಎಂಸಿಸಿಯದು. 1788ರಲ್ಲಿ ಅದು ತನ್ನ ಮೊದಲ ನಿಯಮಾವಳಿಯನ್ನು ಹೊರತಂದಾಗಿನಿಂದ ಆ ಕೆಲಸ ಅದರ ಕೈಯಲ್ಲೇ ಇದೆ. ಈಗ ನಾವು ಅನುಸರಿಸುವುದು 2017ರ ಸಂಹಿತೆ, ಅದಕ್ಕೆ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಗಳೂ ಸೇರಿವೆ. ಒಟ್ಟು 42 ನಿಯಮಗಳು, ಕೊನೆಯಲ್ಲಿ ಅನುಬಂಧಗಳು. ಫುಟ್‌ಬಾಲ್‌ನಲ್ಲಿ 17 ನಿಯಮಗಳಿವೆ. ನಮ್ಮದು ಅದರ ಎರಡೂವರೆ ಪಾಲು ಎಂದು ಫುಟ್‌ಬಾಲ್ ರೆಫ್ರಿ ಗೆಳೆಯರೆದುರು ನಾವು ಹೆಮ್ಮೆಪಡುವುದುಂಟು, ಆದರೆ ಅವರು ಓಡುವಷ್ಟು ನಾವು ಓಡುವುದಿಲ್ಲವಾದ್ದರಿಂದ ಆ ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ.

ಈ ಪುಸ್ತಕದ ಮೇಲೆ ಇನ್ನೊಂದು ಪದರವಿದೆ. ಪ್ರತಿಯೊಂದು ಟೂರ್ನಿಗೂ ತನ್ನದೇ ಆದ ಪ್ಲೇಯಿಂಗ್ ಕಂಡಿಷನ್‌ಗಳು, ಅಂದರೆ ಆಟದ ಷರತ್ತುಗಳಿರುತ್ತವೆ. ಟಿವಿಯಲ್ಲಿ ದಿನವೂ ಕಾಣುವ, ನೋಬಾಲ್ ನಂತರದ ಎಸೆತದಲ್ಲಿ ಸಿಗುವ ಫ್ರೀ ಹಿಟ್, ಪವರ್‌ಪ್ಲೇ, ತೀರ್ಪಿನ ಮರುಪರಿಶೀಲನೆಯ ಡಿಆರ್‌ಎಸ್ ಇವಾವುವೂ ಎಂಸಿಸಿಯ 42 ನಿಯಮಗಳಲ್ಲಿ ಇಲ್ಲ; ಅವೆಲ್ಲ ಟೂರ್ನಿಯ ಷರತ್ತುಗಳು. ಮೂಲ ನಿಯಮದ ಪ್ರಕಾರ ಬ್ಯಾಟರ್ ಸಾಮಾನ್ಯ ಹೊಡೆತದಿಂದ ಮುಟ್ಟಲಾಗದಷ್ಟು ದೂರ ಹೋದ ಎಸೆತ ಮಾತ್ರ ವೈಡ್. ಲೆಗ್ ಬದಿಯಲ್ಲಿ ಸ್ವಲ್ಪ ಹೊರಹೋದರೂ ಕೈಚಾಚುವ ಪದ್ಧತಿ ಸೀಮಿತ ಓವರುಗಳ ಷರತ್ತಿನಿಂದ ಬಂದದ್ದು. ಎರಡು ದಿನದ ಲೀಗ್ ಪಂದ್ಯದಲ್ಲಿ ನೋಬಾಲ್ ಕೊಟ್ಟ ಕೂಡಲೇ, "ಸರ್, ಫ್ರೀ ಹಿಟ್ ಅಲ್ವಾ?" ಎಂದು ಕೇಳುವ ಹುಡುಗರು ಈಗಲೂ ಸಿಗುತ್ತಾರೆ. ಅವರನ್ನು ದೂರುವಂತಿಲ್ಲ, ಅವರು ಕಲಿತ ಶಾಲೆ ಟಿವಿ. ಅದೇ ಗೊಂದಲ ಅಂಪೈರ್ ತಲೆಯಲ್ಲೂ ಇದ್ದರೆ ಮಾತ್ರ ಕಷ್ಟ. ವಾರಕ್ಕೊಂದು ಬಗೆಯ ಟೂರ್ನಿಯಲ್ಲಿ ನಿಲ್ಲುವವನಿಗೆ ಶನಿವಾರದ ಷರತ್ತು ಭಾನುವಾರದ ಪಂದ್ಯಕ್ಕೆ ನುಸುಳಿಬರುವ ಅಪಾಯ ಯಾವಾಗಲೂ ಇದ್ದೇ ಇರುತ್ತದೆ.

ಅಂಪೈರ್‌ಗಳಿಗೆ ನಿಯಮ ಎಷ್ಟು ಗೊತ್ತು ಎಂಬ ಚರ್ಚೆ ಬಂದಾಗಲೆಲ್ಲ ನಮ್ಮವರು 2022ರ ಒಂದು ಪರೀಕ್ಷೆಯನ್ನು ನೆನೆಯುತ್ತಾರೆ. ಮಹಿಳೆಯರ ಮತ್ತು ಜೂನಿಯರ್ ಪಂದ್ಯಗಳಿಗೆ ಅಂಪೈರ್‌ಗಳನ್ನು ಆಯ್ಕೆ ಮಾಡಲು ಬಿಸಿಸಿಐ ಅಹಮದಾಬಾದ್‌ನಲ್ಲಿ ಪರೀಕ್ಷೆ ನಡೆಸಿತು. ಒಟ್ಟು 200 ಅಂಕಗಳಲ್ಲಿ 90 ಬಂದರೆ ಪಾಸು. ಕುಳಿತವರು 140 ಮಂದಿ, ಪಾಸಾದವರು ಮೂವರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು, ಅಂಪೈರ್‌ಗಳಿಗೆ ಏನೂ ಗೊತ್ತಿಲ್ಲ ಎಂಬ ಧಾಟಿಯ ಹಾಸ್ಯವೂ ನಡೆಯಿತು. ಆದರೆ ಹೊರಬಂದ ಪ್ರಶ್ನೆಗಳನ್ನು ನೋಡಿದರೆ ಅವು ನಿಯಮದ ಪಾಠವನ್ನು ಒಪ್ಪಿಸಲು ಹೇಳುವ ಪ್ರಶ್ನೆಗಳಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಪೆವಿಲಿಯನ್ನಿನ ಅಥವಾ ಮರದ ಅಥವಾ ಫೀಲ್ಡರನ ನೆರಳು ಪಿಚ್ ಮೇಲೆ ಬಿದ್ದು ಬ್ಯಾಟರ್ ದೂರು ಹೇಳಿದರೆ ಏನು ಮಾಡುತ್ತೀರಿ ಎಂಬುದು ಒಂದು ಪ್ರಶ್ನೆ. ಪೆವಿಲಿಯನ್, ಮರಗಳ ನೆರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. ಫೀಲ್ಡರ್ ಮಾತ್ರ ಅಲುಗಾಡದೆ ನಿಲ್ಲಬೇಕು, ಅವನು ಅಲುಗಾಡಿದರೆ ಡೆಡ್ ಬಾಲ್ (ಚೆಂಡು ಸತ್ತಿದೆ, ಆಟದಲ್ಲಿಲ್ಲ) ಎನ್ನಬೇಕು. ಬೌಲರನ ಬೆರಳಿನ ಗಾಯ ನಿಜವೆಂದು, ಪಟ್ಟಿ ತೆಗೆದರೆ ರಕ್ತ ಬರುತ್ತದೆಂದು ನಿಮಗೆ ಮನದಟ್ಟಾಗಿದ್ದರೂ ಪಟ್ಟಿ ತೆಗೆಯಲು ಹೇಳುತ್ತೀರಾ ಎಂಬುದು ಇನ್ನೊಂದು. ಬೌಲ್ ಮಾಡಬೇಕೆಂದಿದ್ದರೆ ತೆಗೆಯಲೇಬೇಕು ಎಂಬುದು ಉತ್ತರ. ನೆರಳಿನ ಪ್ರಶ್ನೆಗೆ "ನೆರಳು" ಎಂಬ ಶೀರ್ಷಿಕೆಯಡಿ ಪುಸ್ತಕದಲ್ಲಿ ಏನೂ ಸಿಗುವುದಿಲ್ಲ; ಎಸೆತ ಎದುರಿಸಲು ಸಿದ್ಧನಾಗುತ್ತಿರುವ ಬ್ಯಾಟರನ ಗಮನ ಸದ್ದಿನಿಂದಲೋ ಚಲನೆಯಿಂದಲೋ ಕೆಟ್ಟರೆ ಡೆಡ್ ಬಾಲ್ ಎನ್ನುವ ಭಾಗವನ್ನು ಅರ್ಥಮಾಡಿಕೊಂಡವನು ಮಾತ್ರ ಅಲ್ಲಿಗೆ ತಲುಪುತ್ತಾನೆ. ಬಾಯಿಪಾಠ ಮಾಡಿದವರು ಸಾಲುಸಾಲಾಗಿ ಸೋತದ್ದರಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ನಾನು ಕಂಡಂತೆ ಈ ಪುಸ್ತಕದ ಜೀವ ಇರುವುದು "ಯಾವ ಕ್ಷಣದಲ್ಲಿ" ಎಂಬ ಮಾತಿನಲ್ಲಿ. ಏನಾಯಿತು ಎಂಬುದು ಎಲ್ಲರಿಗೂ ಕಾಣುತ್ತದೆ, ಗ್ಯಾಲರಿಯಲ್ಲಿ ಕುಳಿತವರಿಗೂ ಕಾಣುತ್ತದೆ. ಅದು ಆಗುವ ಹೊತ್ತಿಗೆ ಇನ್ನೊಂದು ಕಡೆ ಏನು ನಡೆದಿತ್ತು ಎಂಬುದರ ಮೇಲೆ ನಿಯಮ ತೀರ್ಮಾನವಾಗುತ್ತದೆ. ಹಾಗಾಗಿ ನಿಯಮ ಗೊತ್ತಿರುವುದು ಎಂದರೆ, ಆ ಕ್ಷಣ ಬರುವ ಮೊದಲೇ ಕಣ್ಣನ್ನು ಎಲ್ಲಿ ಇಟ್ಟಿರಬೇಕು ಎಂಬುದು ಗೊತ್ತಿರುವುದು. ತೀರ್ಪು ಕೊಡುವಾಗ ಪುಸ್ತಕ ನೆನಪಾದರೆ ಅಷ್ಟರಲ್ಲಿ ತಡವಾಗಿರುತ್ತದೆ, ನೋಡಬೇಕಾದ್ದನ್ನು ನಾವು ನೋಡಿಯೇ ಇರುವುದಿಲ್ಲ.

ಇದಕ್ಕೆ 2019ರ ಜುಲೈ 14ರಂದು ಲಾರ್ಡ್ಸ್‌ನಲ್ಲಿ ನಡೆದ ವಿಶ್ವಕಪ್ ಫೈನಲ್‌ಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ನ್ಯೂಜಿಲೆಂಡ್ ವಿರುದ್ಧ ಗೆಲ್ಲಲು ಇಂಗ್ಲೆಂಡ್‌ಗೆ ಮೂರು ಎಸೆತಗಳಲ್ಲಿ 9 ರನ್ ಬೇಕಿತ್ತು. ಸ್ಟೋಕ್ಸ್ ಮತ್ತು ರಶೀದ್ ಎರಡನೆಯ ರನ್‌ಗೆ ಓಡುತ್ತಿದ್ದಾಗ ಗಪ್ಟಿಲ್ ಎಸೆದ ಚೆಂಡು, ಕ್ರೀಸ್‌ಗೆ ಹಾರಿದ ಸ್ಟೋಕ್ಸ್ ಬ್ಯಾಟಿಗೆ ಬಡಿದು ಬೌಂಡರಿ ದಾಟಿತು. ಅಂಪೈರ್ ಧರ್ಮಸೇನ ಆರು ರನ್ ಕೊಟ್ಟರು. ನಿಯಮ 19.8 ಹೇಳುವುದೇನೆಂದರೆ, ಓವರ್‌ಥ್ರೋ (ಫೀಲ್ಡರ್ ಎಸೆದು ಯಾರ ಕೈಗೂ ಸಿಗದ ಚೆಂಡು) ಬೌಂಡರಿಗೆ ಹೋದರೆ ಆ ನಾಲ್ಕು, ಅದಕ್ಕೆ ಪೂರ್ಣಗೊಂಡ ರನ್‌ಗಳು, ಮತ್ತು ಫೀಲ್ಡರ್ ಎಸೆದ ಕ್ಷಣದಲ್ಲಿ ಬ್ಯಾಟರ್‌ಗಳು ಆಗಲೇ ಒಬ್ಬರನ್ನೊಬ್ಬರು ದಾಟಿದ್ದರೆ ಮಾತ್ರ ಓಡುತ್ತಿದ್ದ ರನ್ ಸೇರುತ್ತದೆ. ಗಪ್ಟಿಲ್ ಕೈಯಿಂದ ಚೆಂಡು ಹೊರಟಾಗ ಅವರಿನ್ನೂ ದಾಟಿರಲಿಲ್ಲ ಎಂಬುದು ಮರುಪ್ರಸಾರದಲ್ಲಿ ಕಂಡಿತು. ಐದೇ ರನ್ ಆಗಬೇಕಿತ್ತು, ಮುಂದಿನ ಎಸೆತವನ್ನು ಸ್ಟೋಕ್ಸ್ ಬದಲು ರಶೀದ್ ಎದುರಿಸಬೇಕಿತ್ತು. ಎರಡು ಎಸೆತಗಳಲ್ಲಿ ನಾಲ್ಕು ರನ್ ಎಂದಿರಬೇಕಾದ ಲೆಕ್ಕ ಮೂರಕ್ಕೆ ಇಳಿಯಿತು, ಪಂದ್ಯ ಟೈ ಆಯಿತು, ಸೂಪರ್ ಓವರ್ ಕೂಡ ಟೈ ಆಗಿ ಬೌಂಡರಿಗಳ ಎಣಿಕೆಯಲ್ಲಿ ಕಪ್ ಇಂಗ್ಲೆಂಡ್ ಪಾಲಾಯಿತು. ಅದು ಸ್ಪಷ್ಟ ತಪ್ಪು ಎಂದು ಮಾಜಿ ಅಂಪೈರ್ ಸೈಮನ್ ಟೌಫೆಲ್ ಹೇಳಿದರು. ಟಿವಿಯಲ್ಲಿ ನೋಡಿದಾಗ ತಪ್ಪಾದದ್ದು ತಿಳಿಯಿತೆಂದು ಧರ್ಮಸೇನ ಅವರೂ ಆಮೇಲೆ ಒಪ್ಪಿಕೊಂಡರು.

ಆಗ ಬಹಳ ಜನ, ಇಂಥ ದೊಡ್ಡ ಅಂಪೈರ್‌ಗಳಿಗೆ ನಿಯಮವೇ ಗೊತ್ತಿರಲಿಲ್ಲವೇ ಎಂದು ಕೇಳಿದರು. ಆ ಮಟ್ಟದ ಅಂಪೈರ್‌ಗಳಿಗೆ 19.8 ಗೊತ್ತಿರಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ವಿಶ್ವಕಪ್ ಫೈನಲ್‌ನ ಕೊನೆಯ ಓವರಿನಲ್ಲಿ, ರನೌಟ್ ಆಗಬಹುದಾದ ಆ ಗಳಿಗೆಯಲ್ಲಿ, ಎಲ್ಲರ ಕಣ್ಣೂ ಚೆಂಡು ಮತ್ತು ಕ್ರೀಸ್‌ಗಳ ಮೇಲಿರುವುದು ಸಹಜ. ಫೀಲ್ಡರ್ ಚೆಂಡು ಎಸೆದ ಕ್ಷಣದಲ್ಲಿ ಬ್ಯಾಟರ್‌ಗಳ ಕಡೆಗೊಂದು ನೋಟ ಹೋಗಿರದಿದ್ದರೆ ಆಮೇಲೆ ಯಾವ ಪುಸ್ತಕವೂ ಅದನ್ನು ಮರಳಿ ಕೊಡುವುದಿಲ್ಲ. ನಮ್ಮ ಮಟ್ಟದ ಪಂದ್ಯಗಳಲ್ಲಂತೂ ಮರುಪ್ರಸಾರವೂ ಇಲ್ಲ, ಇಬ್ಬರ ನಾಲ್ಕು ಕಣ್ಣುಗಳಷ್ಟೇ.

ಆ ಫೈನಲ್‌ನಿಂದ ಒಂದು ವಿಚಿತ್ರ ಪರಿಣಾಮವೂ ಆಯಿತು: 19.8 ಎಲ್ಲ ಆಟಗಾರರಿಗೂ ತಿಳಿದುಬಿಟ್ಟಿತು. ಒಂದು ಲೀಗ್ ಪಂದ್ಯದಲ್ಲಿ ಸ್ಪಿನ್ನರ್ ಬೌಲ್ ಮಾಡುತ್ತಿದ್ದ, ಶಾರ್ಟ್ ಲೆಗ್ ಫೀಲ್ಡರ್ ಬೇಡವೆಂದು ಕಳಚಿಟ್ಟ ಹೆಲ್ಮೆಟ್ ನಿಯಮದಂತೆಯೇ ಕೀಪರ್ ಹಿಂದೆ, ಎರಡೂ ಕಡೆಯ ಸ್ಟಂಪ್‌ಗಳ ನೇರದಲ್ಲಿ ನೆಲದ ಮೇಲಿತ್ತು. ಬ್ಯಾಟರ್ ಡೀಪ್ ಪಾಯಿಂಟ್ ಕಡೆಗೆ ಹೊಡೆದ, ಮೊದಲ ರನ್ ಆರಾಮವಾಗಿ ಆಯಿತು, ಎರಡನೆಯದಕ್ಕೆ ತಿರುಗಿದರು. ಫೀಲ್ಡರ್ ಎಸೆದಾಗ ಅವರಿನ್ನೂ ದಾಟಿರಲಿಲ್ಲ. ಎಸೆದ ಚೆಂಡು ಕೀಪರನ ಗ್ಲೌಸ್ ತಪ್ಪಿ ನೇರವಾಗಿ ಹೆಲ್ಮೆಟ್‌ಗೆ ಬಡಿಯಿತು; ಅಷ್ಟರಲ್ಲಿ ಅವರು ಪಿಚ್ಚಿನ ನಡುವೆ ಒಬ್ಬರನ್ನೊಬ್ಬರು ದಾಟಿ ಎರಡು ಹೆಜ್ಜೆ ಮುಂದೆ ಹೋಗಿದ್ದರು. ನಾನು ಡೆಡ್ ಬಾಲ್ ಎಂದು, ಬ್ಯಾಟರನ ಪಕ್ಕಕ್ಕೆ ದೂರದಲ್ಲಿ, ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದ ಸಹೋದ್ಯೋಗಿಯ ಕಡೆ ನೋಡಿದೆ, ಅವರು ಎದೆಯ ಹತ್ತಿರ ಎರಡು ಬೆರಳು ತೋರಿಸಿ ತಲೆಯಾಡಿಸಿದರು. ಸ್ಕೋರರ್ ಕಡೆ ತಿರುಗಿ, ಒಂದು ಕೈಯಿಂದ ಎದುರು ಭುಜವನ್ನು ಮತ್ತೆ ಮತ್ತೆ ತಟ್ಟಿ ಬ್ಯಾಟಿಂಗ್ ತಂಡಕ್ಕೆ ಐದು ಪೆನಾಲ್ಟಿ ರನ್ ಎಂದು ಸನ್ನೆ ಮಾಡಿ, ಓಡಿದ ಎರಡನ್ನೂ ಬರೆಯಲು ತಿಳಿಸಿದೆ. ಒಟ್ಟು ಏಳು.

ಫೀಲ್ಡಿಂಗ್ ತಂಡದ ನಾಯಕ ಮಿಡ್ ಆಫ್‌ನಿಂದ ಬಂದ. ಜಗಳಕ್ಕೆ ಬಂದಿರಲಿಲ್ಲ, ತಿಳಿದವನಂತೆ ಬಂದಿದ್ದ. "ಸರ್, ಥ್ರೋ ಮಾಡಿದಾಗ ಅವರು ಕ್ರಾಸ್ ಆಗಿರಲಿಲ್ಲ. ವರ್ಲ್ಡ್ ಕಪ್ ಫೈನಲ್‌ದೇ ರೂಲ್ ಅಲ್ವಾ? ಒಂದು, ಮೇಲೆ ಐದು. ಆರೇ ಬರಬೇಕು." ಅವನು ಹೇಳಿದ ಸಂಗತಿ ನಿಜ, ನಿಯಮವೂ ನಿಜ, ಆದರೆ ಅದು ಈ ಸಂದರ್ಭದ ನಿಯಮವಲ್ಲ. ಚೆಂಡು ಬೌಂಡರಿಗೆ ಹೋಗಿದ್ದರೆ ಅವನ ಮಾತೇ ಸರಿ, ಫೀಲ್ಡರ್ ಎಸೆದ ಕ್ಷಣ ನೋಡಿ ಒಂದಕ್ಕೆ ನಾಲ್ಕು ಕೂಡಿಸಿ ಐದು ಕೊಡುತ್ತಿದ್ದೆ. ಹೆಲ್ಮೆಟ್‌ಗೆ ಬಡಿದಾಗ ಅನ್ವಯಿಸುವುದು 28.3, ಅಲ್ಲಿ ಲೆಕ್ಕಕ್ಕೆ ಬರುವುದು ಚೆಂಡು ಹೆಲ್ಮೆಟ್‌ಗೆ ತಾಗಿದ ಕ್ಷಣ. ಆ ಕ್ಷಣದಲ್ಲಿ ಅವರು ದಾಟಿದ್ದರು. ಇದನ್ನು ಮೂರೇ ವಾಕ್ಯಗಳಲ್ಲಿ ಹೇಳಿದೆ, ಅವನು ಸ್ವಲ್ಪ ಯೋಚಿಸಿ, "ಹಂಗಾ ಸರ್? ಸರಿ ಬಿಡಿ" ಎಂದು ಹೋದ, ಹೋಗುವಾಗ ಹೆಲ್ಮೆಟ್ಟನ್ನು ಪೆವಿಲಿಯನ್‌ಗೆ ಕಳಿಸಿಯೇಬಿಟ್ಟ. ಅವನ ಬೌಲರನ ಲೆಕ್ಕಕ್ಕೆ ಆ ಐದು ಹೋಗುವುದಿಲ್ಲ, ಎರಡು ಮಾತ್ರ ಎಂದು ಸ್ಕೋರರ್ ಟೆಂಟ್‌ನಲ್ಲಿ ಆಮೇಲೆ ಇನ್ನೊಂದು ಸಣ್ಣ ಚರ್ಚೆ ನಡೆದದ್ದು ಬೇರೆ ಮಾತು.

ಓಡುತ್ತಿರುವ ರನ್ ಒಂದನ್ನೇ ಹಿಡಿದು ಪುಸ್ತಕ ಓದಿದರೆ ಅದು ಎಷ್ಟು ಬಗೆಯಾಗಿ ನಡೆದುಕೊಳ್ಳುತ್ತದೆ ಎಂಬುದು ಅಚ್ಚರಿ ಹುಟ್ಟಿಸುತ್ತದೆ. ಓವರ್‌ಥ್ರೋ ಬೌಂಡರಿಗೆ ಹೋದರೆ ಎಸೆದ ಕ್ಷಣ. ಹೆಲ್ಮೆಟ್‌ಗೆ ಬಡಿದರೆ ಬಡಿದ ಕ್ಷಣ. ಫೀಲ್ಡರ್ ಬೇಕೆಂದೇ ಟೋಪಿಯಿಂದಲೋ ತೆಗೆದ ಗ್ಲೌಸಿನಿಂದಲೋ ಚೆಂಡು ತಡೆದರೆ, ದಾಟಿರಲಿ ಬಿಡಲಿ, ಓಡುತ್ತಿದ್ದ ರನ್ ಸಿಗುತ್ತದೆ, ಮೇಲೆ ಐದು ಪೆನಾಲ್ಟಿ. ಚೆಂಡು ಕೈಯಲ್ಲಿ ಇಲ್ಲದಿದ್ದರೂ ಇರುವಂತೆ ನಟಿಸಿ ಬ್ಯಾಟರನನ್ನು ಮೋಸಗೊಳಿಸಿದರೂ ಹಾಗೆಯೇ. 2017ರ ಸಂಹಿತೆಯಲ್ಲಿ ಬಂದ ಈ 41.5ರ ಪ್ರಕಾರ ದಾಟುವ ಪ್ರಶ್ನೆಯೇ ಏಳುವುದಿಲ್ಲ, ಆ ಎಸೆತ ಓವರಿನ ಲೆಕ್ಕಕ್ಕೆ ಸೇರುವುದಿಲ್ಲ, ಮುಂದಿನ ಎಸೆತ ಯಾರು ಎದುರಿಸಬೇಕೆಂಬುದನ್ನು ಬ್ಯಾಟರ್‌ಗಳೇ ತೀರ್ಮಾನಿಸುತ್ತಾರೆ. ಇದರ ಹಿಂದಿನ ತರ್ಕ ಒಮ್ಮೆ ಹಿಡಿತಕ್ಕೆ ಬಂದರೆ ಬಾಯಿಪಾಠ ಬೇಕಾಗುವುದಿಲ್ಲ: ತಪ್ಪು ಮಾಡಿದ ಫೀಲ್ಡರ್‌ಗೆ ಅನುಕೂಲವಾಗಬಾರದು, ಆದ್ದರಿಂದ ಅಲ್ಲಿ ಬ್ಯಾಟರ್ ಕಡೆಗೆ ನಿಯಮ ಧಾರಾಳ, ಬೇಕೆಂದು ಮಾಡದ ಅವಘಡಗಳಲ್ಲಿ ಮಾತ್ರ ದಾಟಿದರೇ ಇಲ್ಲವೇ ಎಂದು ಅದು ಕಟ್ಟುನಿಟ್ಟಾಗಿ ಕೇಳುತ್ತದೆ. ಹೊಸಬರಿಗೆ ಪಾಠ ಹೇಳುವಾಗ ನಾನು 1ರಿಂದ 42ರವರೆಗೆ ಕ್ರಮವಾಗಿ ಓದಿಸುವುದನ್ನು ಬಿಟ್ಟು ಹೀಗೆ ಒಂದೊಂದು ಎಳೆ ಹಿಡಿದು ಓದಿಸುತ್ತೇನೆ. ಓಡುತ್ತಿರುವ ರನ್ ಒಂದು ಎಳೆ, ಚೆಂಡು ಸತ್ತ ಕ್ಷಣ ಇನ್ನೊಂದು.

ಚೆಂಡು ಸತ್ತ ಕ್ಷಣದ ಮಾತು ಬಂದಾಗ 2022ರ ಅಕ್ಟೋಬರ್ 23ರ ಮೆಲ್ಬರ್ನ್ ಪಂದ್ಯವನ್ನು ಹೇಳದೆ ಇರಲಾಗುವುದಿಲ್ಲ. ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಕೊನೆಯ ಓವರಿನಲ್ಲಿ ಭಾರತದ ಕೊಹ್ಲಿ ಫ್ರೀ ಹಿಟ್‌ನಲ್ಲಿ ಬೌಲ್ಡ್ ಆದರು, ಸ್ಟಂಪ್‌ಗೆ ಬಡಿದ ಚೆಂಡು ಥರ್ಡ್‌ಮ್ಯಾನ್ ಕಡೆ ಓಡಿತು, ಅವರು ಮೂರು ಬೈ ರನ್ ಓಡಿದರು. ಬೇಲ್ ಹಾರಿದ ಮೇಲೆ ಚೆಂಡು ಸತ್ತಂತೆಯೇ ಅಲ್ಲವೇ ಎಂದು ಎದುರಾಳಿ ಆಟಗಾರರು ಅಂಪೈರ್‌ಗಳ ಜೊತೆ ವಾದಿಸಿದರು. ನಿಯಮ ಸ್ಟಂಪ್ ಬಗ್ಗೆ ಮಾತಾಡುವುದೇ ಇಲ್ಲ. ಬ್ಯಾಟರ್ ಔಟಾದರೆ ಔಟಾದ ಕ್ಷಣದಿಂದ ಚೆಂಡು ಸತ್ತಂತೆ ಎನ್ನುತ್ತದೆ. ಫ್ರೀ ಹಿಟ್‌ನಲ್ಲಿ ಬೌಲ್ಡ್ ಆಗಿ ಔಟಾಗುವುದು ಸಾಧ್ಯವಿಲ್ಲ, ಹಾಗಾಗಿ ಚೆಂಡು ಇನ್ನೂ ಆಟದಲ್ಲಿದೆ. ಷರತ್ತಿನ ಪದರದಲ್ಲಿರುವ ಫ್ರೀ ಹಿಟ್ಟನ್ನೂ ಮೂಲ ಪುಸ್ತಕದ 20ನೇ ನಿಯಮವನ್ನೂ ಜೋಡಿಸಿ ಓದಿದವನಿಗೆ ಮಾತ್ರ ಆ ಗದ್ದಲದ ನಡುವೆ ಇದು ಹೊಳೆಯುತ್ತದೆ. ಅಂದಿನ ಅಂಪೈರ್‌ಗಳಾದ ಎರಾಸ್ಮಸ್ ಮತ್ತು ಟಕರ್ ಅದನ್ನು ಸರಿಯಾಗಿಯೇ ತೀರ್ಮಾನಿಸಿದರು.

ಟೈಮ್ಡ್ ಔಟ್ ಕೂಡ ಕ್ಷಣದ ನಿಯಮವೇ. ವಿಕೆಟ್ ಬಿದ್ದ ಮೂರು ನಿಮಿಷಗಳೊಳಗೆ ಹೊಸ ಬ್ಯಾಟರ್ ಬರಬೇಕು ಎಂದು ಬಹುತೇಕರು ಹೇಳುತ್ತಾರೆ. ಪುಸ್ತಕ ಹೇಳುವುದು ಬರುವುದರ ಬಗ್ಗೆ ಅಲ್ಲ. ಅಷ್ಟರೊಳಗೆ ಅವನು, ಅಥವಾ ಸ್ಟ್ರೈಕ್ (ಎಸೆತ ಎದುರಿಸುವ ಸರದಿ) ಇನ್ನೊಬ್ಬನದಾಗಿದ್ದರೆ ಆ ಇನ್ನೊಬ್ಬ, ಚೆಂಡು ಎದುರಿಸಲು ಸಿದ್ಧನಿರಬೇಕು ಎಂಬುದರ ಬಗ್ಗೆ. 2023ರ ನವೆಂಬರ್ 6ರಂದು ದೆಹಲಿಯಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಔಟಾದದ್ದು ಈ ಅಂತರದಲ್ಲೇ. ವಿಶ್ವಕಪ್ ಷರತ್ತಿನಲ್ಲಿ ಮೂರರ ಬದಲು ಎರಡು ನಿಮಿಷ ಇತ್ತು. ಕ್ರೀಸ್ ಹತ್ತಿರ ಬಂದಿದ್ದರು, ಹೆಲ್ಮೆಟ್ ಪಟ್ಟಿ ಕಿತ್ತುಹೋಯಿತು, ಬಾಂಗ್ಲಾದೇಶದ ನಾಯಕ ಶಕೀಬ್ ಅಪೀಲ್ ಮಾಡಿದರು, ಹಿಂತೆಗೆದುಕೊಳ್ಳಲಿಲ್ಲ. ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಹೀಗೆ ಔಟಾದ ಮೊದಲಿಗರು ಅವರೇ. ಆ ದಿನದವರೆಗೆ ಅಂತರರಾಷ್ಟ್ರೀಯ ಪಂದ್ಯದಲ್ಲಿ ಈ ನಿಯಮವನ್ನು ಕೈಯಾರೆ ಬಳಸಿದ ಅಂಪೈರ್ ಒಬ್ಬರೂ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಕಲಿಯಲು ಅವರಿಗಿದ್ದ ಏಕೈಕ ದಾರಿ ಓದು. ದಿನವೂ ಬರುವ ಎಲ್‌ಬಿಡಬ್ಲ್ಯು, ನೋಬಾಲ್‌ಗಳನ್ನು ಮೈದಾನವೇ ಕಲಿಸುತ್ತದೆ. ಹತ್ತು ವರ್ಷಕ್ಕೊಮ್ಮೆ ಬರುವುದನ್ನು ಮೈದಾನ ಕಲಿಸಲಾರದು. ಆದರೂ ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆ ಪಾಸಾದ ಮೇಲೆ ತಿರುವಿಹಾಕುವುದು ಮೊದಲೇ ಗೊತ್ತಿರುವ ಪುಟಗಳನ್ನೇ.

ಪುಸ್ತಕದ ಬಾಲದಲ್ಲಿರುವ ಅನುಬಂಧದ ವ್ಯಾಖ್ಯೆಗಳನ್ನು ಓದದಿರುವುದು ನಾನು ಕಂಡ ಇನ್ನೊಂದು ಸಾಮಾನ್ಯ ಕೊರತೆ. ಸೊಂಟದ ಎತ್ತರದ ಫುಲ್‌ಟಾಸ್ ಬಗ್ಗೆ ಎಷ್ಟು ವಾದಗಳಾಗುತ್ತವೆ! ಸೊಂಟದ ಎತ್ತರ ಎಂದರೆ ಬ್ಯಾಟರ್ ತನ್ನ ಮುಂದಿನ ಗೆರೆಯಾದ ಪಾಪಿಂಗ್ ಕ್ರೀಸ್‌ನಲ್ಲಿ ನೆಟ್ಟಗೆ ನಿಂತಾಗ ಅವನ ಪ್ಯಾಂಟಿನ ಮೇಲಂಚು ಸಾಮಾನ್ಯವಾಗಿ ಇರುವ ಎತ್ತರ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಮುಂದೆ ನುಗ್ಗಿಬಂದು ಬಾಗಿದವನ ಸೊಂಟ ಲೆಕ್ಕಕ್ಕಿಲ್ಲ. ಕ್ರೀಸ್ ವಿಚಾರವೂ ಅಷ್ಟೇ: ಸುಣ್ಣದ ಗೆರೆಯ ಹಿಂದಿನ ಅಂಚೇ ಪಾಪಿಂಗ್ ಕ್ರೀಸ್, ಆದ್ದರಿಂದ ಗೆರೆಯ ಮೇಲಷ್ಟೇ ಬ್ಯಾಟ್ ಇಟ್ಟವನು ಕ್ರೀಸ್‌ನ ಹೊರಗಿದ್ದಾನೆ. ಮ್ಯಾಟ್ ಮೇಲೆ ಬಳಿದ ಗೆರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಅಳಿಸಿಹೋಗಿರುವಾಗ, ಯಾವ ಅಂಚು ಮುಖ್ಯ ಎಂಬುದು ಗೊತ್ತಿರುವ ಅಂಪೈರ್ ಊಟದ ವಿರಾಮದಲ್ಲಿ ಆ ಅಂಚನ್ನು ಮತ್ತೆ ಬಳಿಸುತ್ತಾನೆ.

ಓದುವುದಕ್ಕಿಂತ ಮರೆಯುವುದು ಕಷ್ಟದ ಕೆಲಸ. 2022ರ ತಿದ್ದುಪಡಿಯ ಮೊದಲು, ಕ್ಯಾಚ್ ಹಿಡಿಯುವ ಹೊತ್ತಿಗೆ ಬ್ಯಾಟರ್‌ಗಳು ದಾಟಿದ್ದರೆ ಹೊಸಬ ಬೌಲರ್ ತುದಿಯಲ್ಲಿ ನಿಲ್ಲುವ ನಾನ್‌ಸ್ಟ್ರೈಕರ್ ಆಗುತ್ತಿದ್ದ. ಈಗ ಓವರ್ ಮುಗಿದಿದ್ದ ಹೊರತು ಅವನೇ ಸ್ಟ್ರೈಕ್ ತೆಗೆದುಕೊಳ್ಳಬೇಕು. ಎಷ್ಟೋ ವರ್ಷ ಕ್ಯಾಚ್ ಮೇಲೆ ಒಂದು ಕಣ್ಣು, ಓಟಗಾರರ ಮೇಲೆ ಒಂದು ಕಣ್ಣು ಇಟ್ಟು ರೂಢಿಯಾದ ಅಂಪೈರ್‌ಗಳು ಆ ಋತುವಿನಲ್ಲಿ ಬ್ಯಾಟರ್‌ಗಳನ್ನು ತಪ್ಪು ತುದಿಗೆ ಕಳಿಸಿ ಮತ್ತೆ ಕರೆದದ್ದನ್ನು ನೋಡಿದ್ದೇನೆ. ಚೆಂಡು ಬಿಡುವ ಮೊದಲೇ ಕ್ರೀಸ್ ಬಿಟ್ಟು ಹೊರಟ ನಾನ್‌ಸ್ಟ್ರೈಕರನನ್ನು ಬೌಲರ್ ರನೌಟ್ ಮಾಡುವ ನಿಯಮ ಕೂಡ ಅದೇ ಅಕ್ಟೋಬರ್ 1ರಂದು ನ್ಯಾಯವಲ್ಲದ ಆಟದ 41ರಿಂದ ರನೌಟಿನ 38ಕ್ಕೆ ಬದಲಾಯಿತು; ಅದಕ್ಕೆ ಒಂದೇ ವಾರ ಮೊದಲು, ಸೆಪ್ಟೆಂಬರ್ 24ರಂದು, ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಇಂಗ್ಲೆಂಡಿನ ಚಾರ್ಲಿ ಡೀನ್‌ರನ್ನು ಹಾಗೆ ಔಟ್ ಮಾಡಿದ್ದರು. ಅದರಲ್ಲೂ ಒಂದು ಕ್ಷಣವಿದೆ: ಬೌಲರ್ ಸಾಮಾನ್ಯವಾಗಿ ಚೆಂಡು ಬಿಡುತ್ತಿದ್ದ ಕ್ಷಣ. 2023ರ ಜನವರಿಯಲ್ಲಿ ಆಸ್ಟ್ರೇಲಿಯಾದ ಬಿಗ್ ಬ್ಯಾಷ್ ಲೀಗ್‌ನಲ್ಲಿ ಆಡಂ ಜಂಪಾ ತೋಳು ನೆಟ್ಟಗಿನ ಹಂತ ದಾಟಿದ ಮೇಲೆ ಬೇಲ್ ಎಗರಿಸಿದ್ದರಿಂದ ನಾಟೌಟ್ ಆಯಿತು; ಗೊಂದಲ ಬೇಡವೆಂದು ಎಂಸಿಸಿ ಆ ಬಳಿಕ ನಿಯಮದ ಮಾತುಗಳನ್ನೇ ಇನ್ನಷ್ಟು ಬಿಡಿಸಿ ಬರೆಯಿತು. ಬೌಲರನ ಮುಂಗಾಲನ್ನು ನೋಡುತ್ತಿರುವ ಅಂಪೈರ್‌ಗೆ ಅದೇ ಗಳಿಗೆಯಲ್ಲಿ ಅವನ ತೋಳು ಎಲ್ಲಿತ್ತು, ನಾನ್‌ಸ್ಟ್ರೈಕರನ ಬ್ಯಾಟ್ ಎಲ್ಲಿತ್ತು ಎಂದು ಹೇಳುವುದು ಎಷ್ಟು ಕಷ್ಟ ಎಂಬುದು ಒಮ್ಮೆ ಅಲ್ಲಿ ನಿಂತರೆ ತಿಳಿಯುತ್ತದೆ. ಸ್ಕ್ವೇರ್ ಲೆಗ್ ಸಹೋದ್ಯೋಗಿಯನ್ನು ಕೇಳಲು ಸಂಕೋಚಪಡಬಾರದ ಜಾಗಗಳಲ್ಲಿ ಇದೂ ಒಂದು.

ಹಾಗೆಂದು ಪುಸ್ತಕ ಅಂಪೈರನನ್ನು ದೇವರಂತೆ ಕಾಣುವುದಿಲ್ಲ. ಅಂಪೈರ್ ಎಸೆತಗಳ ಎಣಿಕೆ ತಪ್ಪಿದರೆ, ಅವನು ಎಣಿಸಿದ್ದೇ ಓವರ್ ಎಂದು 17.5 ಹೇಳುತ್ತದೆ. ಕೊಟ್ಟ ತೀರ್ಪನ್ನು ತಡಮಾಡದೆ ಬದಲಿಸಲು ಎರಡನೆಯ ನಿಯಮದಲ್ಲಿ ಅವಕಾಶವಿದೆ. ಔಟಾಗದಿದ್ದರೂ ಔಟೆಂದು ತಪ್ಪು ತಿಳಿದು ಹೊರಟ ಬ್ಯಾಟರನನ್ನು, ಮುಂದಿನ ಎಸೆತಕ್ಕೆ ಚೆಂಡು ಆಟಕ್ಕೆ ಬರುವವರೆಗೆ ಹಿಂದಕ್ಕೆ ಕರೆಯುವ ಹೊಣೆ ಅಂಪೈರ್‌ಗಳದೇ ಎಂದು 31.7 ಹೇಳುತ್ತದೆ, ನೋಬಾಲ್ ಕೂಗು ಕೇಳಿಸದೆ ಕ್ಯಾಚ್ ಆಯಿತೆಂದು ನಡೆದುಬಿಡುವ ಹುಡುಗರು ಜೂನಿಯರ್ ಪಂದ್ಯಗಳಲ್ಲಿ ಆಗಾಗ ಸಿಗುವುದರಿಂದ ಇದು ನಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಇಂಥ ಭಾಗಗಳನ್ನು ಓದಿರುವ ಅಂಪೈರ್ ಆಟಗಾರರೆದುರು ಗಟ್ಟಿ ದನಿ ತೆಗೆಯುವುದು ಕಡಿಮೆ ಎಂಬುದು ನನ್ನ ಗಮನಕ್ಕೆ ಬಂದಿದೆ. ಪುಸ್ತಕ ಸರಿಯಾಗಿ ಓದದವನೇ "ನಾನು ಹೇಳಿದ್ದೇ ಕೊನೆ" ಎನ್ನುವುದು ಹೆಚ್ಚು.

ಹೊಸದಾಗಿ ಪರೀಕ್ಷೆ ಪಾಸಾಗಿ ನಮ್ಮ ಜೊತೆ ನಿಲ್ಲಲು ಬರುವವರಿಗೆ ಈಗ ಒಂದು ಅಭ್ಯಾಸ ಹೇಳಿಕೊಡುತ್ತೇನೆ. ಸ್ಕ್ವೇರ್ ಲೆಗ್‌ನಲ್ಲಿ ನಿಂತ ಅವಧಿಯಲ್ಲಿ, ತಮ್ಮ ತುದಿಯ ರನೌಟ್ ಸಾಧ್ಯತೆ ಇಲ್ಲದ ಪ್ರತಿ ಓಟದಲ್ಲೂ, ಫೀಲ್ಡರನ ಕೈಯಿಂದ ಚೆಂಡು ಹೊರಟಾಗ ಬ್ಯಾಟರ್‌ಗಳು ದಾಟಿದ್ದರೇ ಇಲ್ಲವೇ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ನೂರಕ್ಕೆ ತೊಂಬತ್ತೊಂಬತ್ತು ಸಲ ಅದರಿಂದ ಏನೂ ಆಗುವುದಿಲ್ಲ, ಚೆಂಡು ಸುಮ್ಮನೆ ಕೀಪರ್ ಕೈ ಸೇರುತ್ತದೆ. ಚಹಾ ವಿರಾಮದಲ್ಲಿ ಯಾವುದಾದರೊಂದು ಓವರ್ ಹೆಸರಿಸಿ, ಮೂರನೆಯ ಎಸೆತದಲ್ಲಿ ಕವರ್ ಫೀಲ್ಡರ್ ಎಸೆದಾಗ ದಾಟಿದ್ದರೇ ಎಂದು ಕೇಳುತ್ತೇನೆ. ಮೊದಮೊದಲು ಎಲ್ಲರೂ ಸ್ಕೋರ್ ಎಷ್ಟಿತ್ತು, ಹೊಡೆತ ಹೇಗಿತ್ತು ಎಂಬುದನ್ನೇ ಹೇಳುತ್ತಾರೆ. ನಾಲ್ಕಾರು ಪಂದ್ಯಗಳಾದ ಮೇಲೆ, ಕೇಳುವ ಮೊದಲೇ, "ದಾಟಿರಲಿಲ್ಲ ಸರ್, ಒಂದು ಹೆಜ್ಜೆ ಬಾಕಿ ಇತ್ತು" ಎಂಬ ಉತ್ತರ ಬರತೊಡಗುತ್ತದೆ. ಅವರಿಗೆ 28.3ನ್ನು ನಾನು ಓದಿಸುವುದು ಅದಾದ ಮೇಲೆಯೇ.